ಆಯಿಗೆ ಸೊಂಟದ ಕೀಲು ಬದಲಾಯಿಸೋ ಆಪರೇಷನ್, ಹಳೇ ಮನೇಲಿ ಮೊದ್ಲೇ ಏನೇನು ತಯಾರಿ ಮಾಡ್ಕೋಬೇಕು?

ಶಿರಸಿ_ತೋಟದಮನೆ
ಎಲ್ಲರಿಗೂ ನಮಸ್ಕಾರ. ನಮ್ಮ ಆಯಿಗೆ (ಅಮ್ಮಂಗೆ) 67 ವರ್ಷ, ಬಲಗಡೆ ಸೊಂಟದ ಕೀಲು ಪೂರ್ತಿ ಸವೆದು ಹೋಗಿದೆ, ಮುಂದಿನ ತಿಂಗ್ಳು ಮಣಿಪಾಲದ ಕಡೆ ಆಪರೇಷನ್‌ಗೆ ಡೇಟ್ ಸಿಕ್ಕಿದೆ. ಶುರುವಲ್ಲಿ ಬಹಳ ಕಾಲ ಮಂಡಿ ನೋವು ಅಂತ್ಲೇ ಹೇಳ್ತಿದ್ರು, ಮಂಡಿಗೇ ಎಣ್ಣೆ ಮಂಡಿಗೇ ಎಕ್ಸ್‌ರೇ, ಆಮೇಲೆ ತೊಡೆಸಂದೀಲಿ ಹಿಡಿದಂಗಾಗಿ ಕಾಲಿನ ಉಗುರು ತೆಗೆಯೋಕೂ ಬಗ್ಗೋಕೆ ಆಗ್ದೆ ಇದ್ದಾಗ ಸೊಂಟದ ಎಕ್ಸ್‌ರೇ ತೆಗೆಸಿದ್ರು, ಅದ್ರಲ್ಲಿ ತೊಡೆಮೂಳೆ ತುದಿಯ ಚೆಂಡು ಮತ್ತೆ ಅದು ಕೂರೋ ಸೊಂಟದ ಬಟ್ಟಲಿನ ಮಧ್ಯ ಜಾಗವೇ ಉಳಿದಿಲ್ಲ ಅಂತ ನಮಗೂ ಕಾಣಸ್ತು.

ಆಪರೇಷನ್ ಬಗ್ಗೆ ಡಾಕ್ಟ್ರು ಚಲೋ ವಿವರಿಸಿದಾರೆ, ಅದ್ರ ಹೆದರಿಕೆ ಅಷ್ಟಿಲ್ಲ. ನಂಗೆ ಚಿಂತೆ ಮನೇದು. ಅಂಗಳದಿಂದ ಜಗಲಿಗೆ ಎತ್ತರದ ಮೆಟ್ಟಿಲು, ಬಾಗಿಲು ಬಾಗಿಲಿಗೂ ಹೊಸ್ತಿಲು, ಬಚ್ಚಲು ಹಿಂದುಗಡೆ ಕೊಟ್ಟಿಗೆ ಪಕ್ಕ, ಪಾಯಖಾನೆ ಅದಕ್ಕೂ ಆಚೆ, ಅದೂ ಕುಕ್ಕರಗಾಲಲ್ಲಿ ಕೂರೋದು. ಆಯಿ ಊಟಕ್ಕೆ ಕೂರೋದು ಮಣೆ ಮೇಲೆ, ತರಕಾರಿ ಹೆಚ್ಚೋದು ಮೆಟ್ಟುಗತ್ತೀಲಿ (ಈಳಿಗೆಮಣೆ), ದೇವರ ಮುಂದೆ ಕೂರೋದು ನೆಲದಲ್ಲಿ, ಕೊಯ್ಲಿನ ಟೈಮಲ್ಲಿ ಅಡಿಕೆ ಸುಲಿಯೋಕೆ ಕೂತ್ರೆ ತಾಸುಗಟ್ಟಲೆ ಏಳೋದಿಲ್ಲ. ಇಡೀ ಜೀವನವೇ ನೆಲದ ಮೇಲೆ. ಇಂಥ ಮನೇಲಿ ಸುಧಾರಿಸ್ಕೊಂಡವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ, ಎಂತ ಬದಲಾಯಿಸಿದ್ರಿ, ಎಂತ ಬೇಕಾಗ್ಲಿಲ್ಲ.

ಕುಮಟಾ_ಫಿಸಿಯೋ
ಅಕ್ಕ, ನಾನು ಫಿಸಿಯೋಥೆರಪಿ ಮಾಡೋಳು, ಘಟ್ಟದ ಮೇಲಿನ ಮನೆಗಳಿಗೂ ಹೋಗ್ತೇನೆ. ನೀವು ಈಗ್ಲೇ ಕೇಳಿದ್ದು ಒಳ್ಳೇದಾಯ್ತು, ಯಾಕಂದ್ರೆ ಸುಮಾರು ಜನ ಆಂಬುಲೆನ್ಸ್ ಅಂಗಳಕ್ಕೆ ಬಂದ ಮೇಲೆ ಕಮೋಡ್ ಚೇರ್ ಎಲ್ಲಿ ಸಿಗ್ತದೆ ಅಂತ ಫೋನ್ ಮಾಡ್ತಾರೆ. ಆಸ್ಪತ್ರೇಲಿ ಇರೋದು ಕೆಲವೇ ದಿನ. ಕಾಲು ಸರಿಯಾಗೋದು ಮನೇಲಿ, ಅದಕ್ಕೆ ಮನೆ ತಯಾರಿ ಅನ್ನೋದು ಆಪರೇಷನ್ನಿನ ಅರ್ಧ ಅಂತಾನೇ ನಾನು ಹೇಳೋದು.

ಮೊದಲು ಎತ್ತರದ ಲೆಕ್ಕ. ಕೂತಾಗ ಆಯಿ ಮಂಡಿ ಸೊಂಟಕ್ಕಿಂತ ಸ್ವಲ್ಪ ಕೆಳಗೇ ಇರಬೇಕು. ಹಿಂದಿನ ಕಡೆಯಿಂದ ಕೊಯ್ದು ಮಾಡೋ ಆಪರೇಷನ್ ಆದ್ರೆ ಸೊಂಟ 90 ಡಿಗ್ರಿಗಿಂತ ಜಾಸ್ತಿ ಬಗ್ಗಬಾರದು, ಕಾಲಿನ ಮೇಲೆ ಕಾಲು ಹಾಕಬಾರದು, ಆಪರೇಷನ್ ಆದ ಕಾಲನ್ನ ಒಳಗಡೆ ತಿರುಗಿಸಬಾರದು. ಈ ಮೂರೂ ಒಟ್ಟಿಗೆ ಆದ್ರೆ ಹೊಸ ಚೆಂಡು ಬಟ್ಟಲಿನಿಂದ ಹೊರಗೆ ಜಾರೋ ಅಪಾಯ ಇರ್ತದೆ, ಮೊದಲ ಕೆಲವು ವಾರ ಅದು ಜಾಸ್ತಿ, ಸುತ್ತಲಿನ ಸ್ನಾಯು ಗಟ್ಟಿ ಆಗ್ತಾ ಬಂದ ಹಾಗೆ ಕಮ್ಮಿ ಆಗ್ತದೆ. ಸಾಮಾನ್ಯವಾಗಿ 6ರಿಂದ 12 ವಾರ ಪಾಲಿಸಿ ಅಂತಾರೆ. ಮುಂದಿನ ಕಡೆಯಿಂದ ಮಾಡಿದ್ರೆ ನಿಯಮ ಬೇರೆ, ಅಲ್ಲಿ ಕಾಲನ್ನ ಹಿಂದೆ ಚಾಚಿ ಹೊರಗೆ ತಿರುಗಿಸೋದು ಬೇಡ. ಹಾಗಾಗಿ ಯಾವ ಕಡೆಯಿಂದ ಮಾಡ್ತೀರಿ, ನಮ್ಮ ಪೇಶಂಟಿಗೆ ಯಾವ್ಯಾವ ಭಂಗಿ ಬೇಡ ಅಂತ ಸರ್ಜನ್ ಹತ್ರ ಬಿಡಿಸಿ ಕೇಳಿ, ಪಕ್ಕದ ಮನೆಯವರಿಗೆ ಹೇಳಿದ್ದನ್ನ ನಿಮ್ಮ ಆಯಿಗೆ ಹಚ್ಚಬೇಡಿ.

ನಿಮ್ಮನೆಗೆ ನಾನು ಹೇಳೋದು ಇಷ್ಟು. ಜಗಲಿಗೆ ಹತ್ತಿದ ಮೇಲೆ ಮತ್ತೆ ಹೊಸ್ತಿಲು ದಾಟೋ ಪ್ರಸಂಗ ಬರದೆ ಇರೋ ಕೋಣೇಲಿ ಹಾಸಿಗೆ ಮಾಡಿ, ಬೇಕಾದ್ರೆ ಜಗಲೀಲೇ ಒಂದು ಪರದೆ ಕಟ್ಟಿ ಮಂಚ ಹಾಕಿ. ಹೊಸ್ತಿಲಿಗೆ ಹಲಗೆ ಇಟ್ಟು ಇಳಿಜಾರು ಮಾಡೋದು ಬೇಡ, ಹಲಗೆ ಜರುಗ್ತದೆ. ಮಂಚ ಗಿಡ್ಡ ಆದ್ರೆ ಕಾಲಿನ ಕೆಳಗೆ ತೂತು ಕೊರೆದ ಮರದ ದಿಮ್ಮಿ ಕೂರಿಸೋಕೆ ಆಚಾರಿಗೆ ಹೇಳಿ, ಬರೀ ಇಟ್ಟಿಗೆ ಇಟ್ರೆ ಅಲುಗಾಡ್ತದೆ. ಕೈ ಇರೋ ಗಟ್ಟಿ ಕುರ್ಚಿ ಒಂದು, ಪ್ಲಾಸ್ಟಿಕ್ ಕುರ್ಚಿ ಬೇಡ, ಏಳುವಾಗ ಕೈ ಊರಿದ್ರೆ ಕಾಲು ಅಗಲ ಆಗಿ ಜಾರ್ತದೆ. ಕಮೋಡ್ ಚೇರ್ ಮಂಚದ ಹತ್ರವೇ ಇರ್ಲಿ, ರಾತ್ರಿ ಅಂಗಳ ದಾಟಿ ಹೋಗೋ ಮಾತೇ ಇಲ್ಲ. ಸ್ನಾನಕ್ಕೆ ಎತ್ತರದ ಸ್ಟೂಲು, ಗೋಡೆಗೆ ಹಿಡಿಕೆ, ನೆಲದ ಪಾಚಿ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ ತೆಗೀರಿ.

ಇನ್ನೊಂದು, ಮಳೆಗಾಲಕ್ಕೆ ಅಂಗಳದಲ್ಲಿ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರದ ಪಟ್ಟಿ) ಹಾಸಿರ್ತೀರಲ್ಲ, ಅದ್ರ ಮೇಲೆ ವಾಕರ್ ಬೇಡ. ದಬ್ಬೆ ಸಂದೀಲಿ ವಾಕರ್ ಕಾಲು ಸಿಕ್ಕಿ ಬಿದ್ದವರನ್ನ ನೋಡಿದೇನೆ.

ಶಿರಸಿ_ತೋಟದಮನೆ
ತುಂಬಾ ಉಪಕಾರ ಆಯ್ತು ತಂಗಿ. ದಬ್ಬೆ ವಿಚಾರ ನಮ್ಮ ತಲೆಗೇ ಬಂದಿರ್ಲಿಲ್ಲ. ವಾಕರ್ ಈಗ್ಲೇ ತಗೊಂಡು ಅಭ್ಯಾಸ ಮಾಡಿಸ್ಬೇಕಾ ಅಥವಾ ಆಸ್ಪತ್ರೇಲಿ ಕೊಡ್ತಾರಾ?

ಕುಮಟಾ_ಫಿಸಿಯೋ
ಈಗ್ಲೇ ತಗೊಳ್ಳಿ. ನೇರ ನಿಂತು ಕೈ ಇಳಿಬಿಟ್ಟಾಗ ವಾಕರಿನ ಹಿಡಿಕೆ ಮಣಿಕಟ್ಟಿಗೆ ಬರ್ಬೇಕು, ಅಷ್ಟಕ್ಕೆ ಎತ್ತರ ಹೊಂದಿಸಿ. ಕಾಲಿನ ರಬ್ಬರ್ ಬುಶ್ ಸವೆದಿದ್ರೆ ಬದಲಾಯಿಸಿ, ಅದು ಹತ್ತಿಪ್ಪತ್ತು ರೂಪಾಯಿ ಸಾಮಾನು, ಆದ್ರೆ ಒದ್ದೆ ನೆಲದಲ್ಲಿ ಪೂರ್ತಿ ಭಾರ ಅದ್ರ ಮೇಲೇ. ನೋವಿಲ್ಲದ ದಿನ ನೋಡಿ ಮಲಗಿದಲ್ಲೇ ಪಾದ ಮೇಲೆ ಕೆಳಗೆ ಮಾಡೋದು, ಮಂಡಿ ಕೆಳಗೆ ಟವೆಲ್ ಇಟ್ಟು ಅದನ್ನ ಒತ್ತಿ ಹಿಡಿಯೋದು, ಪೃಷ್ಠದ ಸ್ನಾಯು ಬಿಗಿ ಮಾಡಿ ಬಿಡೋದು, ಈ ಮೂರನ್ನ ಈಗಿನಿಂದ್ಲೇ ಕಲಿಸಿ. ಆಪರೇಷನ್ ಆದ ಮರುದಿನ ನೋವಲ್ಲಿ ಹೊಸದಾಗಿ ಕಲಿಯೋದು ಕಷ್ಟ.

ಅಂಕೋಲಾ_ಸಿಸ್ಟರ್
ನಾನು ನರ್ಸ್, ಆರ್ಥೋ ವಾರ್ಡಲ್ಲಿ ಕೆಲಸ ಮಾಡಿದವಳು. ಫಿಸಿಯೋ ಹೇಳಿದ್ದು ಮನೆ ತಯಾರಿ, ನಾನು ಮೈ ತಯಾರಿ ಹೇಳ್ತೇನೆ ಅಕ್ಕ. ಈ ಆಪರೇಷನ್ನಿಗೆ ದೊಡ್ಡ ಶತ್ರು ಇನ್ಫೆಕ್ಷನ್, ಯಾಕಂದ್ರೆ ಒಳಗಿರೋ ಲೋಹದ ಮೇಲೆ ಕೀಟಾಣು ಕೂತ್ರೆ ಆಂಟಿಬಯಾಟಿಕ್ಕಿಗೆ ಬಗ್ಗೋದಿಲ್ಲ, ಕೆಲವೊಮ್ಮೆ ಹಾಕಿದ್ದನ್ನೇ ತೆಗೆದು ಮತ್ತೆ ಹಾಕ್ಬೇಕಾಗ್ತದೆ. ಹಾಗಾಗಿ ಹುಳುಕು ಹಲ್ಲು, ಒಸಡಿನ ಕೀವು ಇದ್ರೆ ಮೊದಲು ಹಲ್ಲಿನ ಡಾಕ್ಟರ ಹತ್ರ ಹೋಗಿ. ಉರಿಮೂತ್ರ ಇದ್ರೆ ಮುಚ್ಚಿಡಬೇಡಿ, ನಮ್ಮ ಹೆಂಗಸರು ನಾಚಿಕೆಯಿಂದ ಹೇಳೋದೇ ಇಲ್ಲ. ಮತ್ತೆ ಕಾಲ್ಬೆರಳ ಸಂದಿ ನೋಡಿ. ತೋಟ ಗದ್ದೇಲಿ ಓಡಾಡೋರಿಗೆ ಕೆಸರುಹುಣ್ಣು ಇರ್ತದೆ, ಹಿಮ್ಮಡಿ ಒಡೆದಿರ್ತದೆ, ಮನೇಲಿ ಅದನ್ನ ಕಾಯಿಲೆ ಅಂತ ಯಾರೂ ಎಣಿಸೋದಿಲ್ಲ, ಆದ್ರೆ ಆ ಹುಣ್ಣು ನೋಡಿ ಸರ್ಜನ್ ಆಪರೇಷನ್ ಮುಂದೆ ಹಾಕಿ ಪೇಶಂಟನ್ನ ಮನೆಗೆ ಕಳಿಸಿದ್ದು ಎಷ್ಟೋ ಸಲ ಇದೆ. ಅಲ್ಲಿವರೆಗೆ ಗಾಡಿ ಮಾಡ್ಕೊಂಡು ಹೋಗಿ ವಾಪಸ್ ಬರೋ ಸಂಕಟ ಬೇಡ.

ಸಕ್ಕರೆ ಕಾಯಿಲೆ ಇದ್ರೆ ಮೂರು ತಿಂಗಳ ಸರಾಸರಿ ತೋರಿಸೋ ಎಚ್‌ಬಿಎ1ಸಿ ಮಾಡಿಸಿ, ಸಾಧಾರಣ 7.5ರಿಂದ 8ರ ಒಳಗೆ ಬಂದ ಮೇಲೆ ಮುಂದುವರೀತಾರೆ. ಹಿಮೋಗ್ಲೋಬಿನ್ ಕಮ್ಮಿ ಇದ್ರೆ ಈ ಒಂದು ತಿಂಗಳು ಅದಕ್ಕೇ ಉಪಯೋಗಿಸಿ. ಹೃದಯದ್ದೋ ರಕ್ತ ತೆಳು ಮಾಡೋದೋ ಮಾತ್ರೆ ಇದ್ರೆ ನೀವಾಗೇ ನಿಲ್ಸೋದೂ ಬೇಡ, ಹೇಳದೆ ಮುಂದುವರಿಸೋದೂ ಬೇಡ. ನಾಟಿ ಔಷಧಿ, ಕಷಾಯ, ಅರಿಷ್ಟ ಏನು ತಗೊಳ್ತಿದ್ರೂ ಹೇಳ್ಬೇಕು, ಅರಿವಳಿಕೆ ಡಾಕ್ಟ್ರು ಬಯ್ಯೋದಿಲ್ಲ, ಅವರಿಗೆ ಗೊತ್ತಾಗೋದು ಮುಖ್ಯ.

ಕವಳದ (ಎಲೆ ಅಡಿಕೆ) ಅಭ್ಯಾಸ ಇದೆಯಾ ಆಯಿಗೆ? ಹೊಗೆಸೊಪ್ಪು ಹಾಕ್ತಾರಾದ್ರೆ ಈಗ್ಲೇ ಬಿಡಿಸಿ. ನಿಕೋಟಿನ್ ಸಣ್ಣ ರಕ್ತನಾಳ ಬಿಗಿ ಮಾಡ್ತದೆ, ಗಾಯ ಒಣಗೋದು ನಿಧಾನ ಆಗ್ತದೆ. ಬೀಡಿ ಸಿಗರೇಟು ಮಾತ್ರ ಅಲ್ಲ, ಇದೂ ಲೆಕ್ಕಕ್ಕೆ ಬರ್ತದೆ.

ಶಿರಸಿ_ತೋಟದಮನೆ
ಹೊಗೆಸೊಪ್ಪು ಇದೆ ಸಿಸ್ಟರ್, ಮದುವೆ ಆದಾಗಿಂದ ಇದೆ. ಇವತ್ತೇ ಮಾತಾಡ್ತೆ.

ಕಾರವಾರ_ಕಡಲು
ಅಕ್ಕೋರೆ, ನಂಗೆ ಎರಡೂ ಕಡೆ ಆಗಿದೆ, ಅದೂ 45 ದಾಟೋದ್ರೊಳಗೆ. ನಂದು ಸವೆತ ಅಲ್ಲ, ಎವಿಎನ್. ಚೆಂಡಿಗೆ ಹೋಗೋ ರಕ್ತ ನಿಂತು ಮೂಳೆ ಒಳಗಿಂದ ಸತ್ತು ಕುಸಿಯೋದು. ಸ್ಟಿರಾಯ್ಡ್ ಜಾಸ್ತಿ ತಗೊಂಡವರಿಗೆ, ಕುಡಿತ ಜಾಸ್ತಿ ಇದ್ದವರಿಗೆ ಬರ್ತದೆ, ಕೆಲವರಿಗೆ ಕಾರಣವೇ ಸಿಗೋದಿಲ್ಲ. ಕೋವಿಡ್ ಆದ್ಮೇಲೆ ಈ ಹೆಸರು ಸುಮಾರು ಕೇಳಿ ಬಂತು. ನಮ್ಮ ಬಂದರಿನ ಹುಡುಗರಿಗೆ ಹೇಳೋದು ಒಂದೇ, ತೊಡೆಸಂದಿ ನೋವು ವಾರಗಟ್ಟಲೆ ಹೋಗದಿದ್ರೆ, ಎಕ್ಸ್‌ರೇ ಸರಿ ಇದೆ ಅಂದ್ರೂ ಡಾಕ್ಟರ ಹತ್ರ ಎಂಆರ್‌ಐ ಬೇಕಾ ಅಂತ ಕೇಳಿ. ಶುರುವಲ್ಲಿ ಎಕ್ಸ್‌ರೇಲಿ ಕಾಣೋದಿಲ್ಲ, ಎಂಆರ್‌ಐಲಿ ಕಾಣ್ತದೆ. ಚೆಂಡು ಕುಸಿಯೋಕೂ ಮೊದಲೇ ಸಿಕ್ರೆ ಮೂಳೆಗೆ ತೂತು ಕೊರೆದು ಒತ್ತಡ ಇಳಿಸೋ ಸಣ್ಣ ಆಪರೇಷನ್ ಮಾಡಿ ಕೆಲವರ ಕೀಲು ಉಳಿಸ್ತಾರೆ.

ಈಗ ದುಡ್ಡಿನ ವಿಷಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ಅದೂ ವರ್ಷಕ್ಕೆ 1.5 ಲಕ್ಷ ಮೀರದ ಹಾಗೆ. ಮೊದಲೇ ಡೇಟ್ ಹಾಕಿ ಮಾಡೋ ಆಪರೇಷನ್ನಿಗೆ ಸರ್ಕಾರಿ ಆಸ್ಪತ್ರೆ ರೆಫರಲ್ ಬೇಕು, ಅದನ್ನ ಅಡ್ಮಿಟ್ ಆಗೋ ಮೊದಲೇ ಮಾಡಿಸ್ಕೊಳ್ಳಿ, ಆದ್ಮೇಲೆ ಓಡಾಡಿದ್ರೆ ಉಪಯೋಗ ಇಲ್ಲ. ಕಾರವಾರದವರು ಸುಮಾರು ಜನ ಗೋವಾದ ಬಾಂಬೋಳಿ ಸರ್ಕಾರಿ ಆಸ್ಪತ್ರೆಗೆ ಹೋಗ್ತೇವೆ, ಹತ್ರ ಆಗ್ತದೆ, ಆದ್ರೆ ಗೋವಾದವರಲ್ಲದವರಿಗೆ ಅಲ್ಲಿ ಶುಲ್ಕ ಇದೆ, ನಮ್ಮ ಆಯುಷ್ಮಾನ್ ಕಾರ್ಡು ನಡೀತದಾ ಅಂತ ಮೊದಲೇ ಕೇಳ್ಕೊಂಡು ಹೋಗಿ.

ಖಾಸಗೀಲಿ ಮಾಡಿಸೋದಾದ್ರೆ ಬರಹದಲ್ಲಿ ಕೊಟೇಶನ್ ತಗೊಳ್ಳಿ, ಅದ್ರಲ್ಲಿ ಇಂಪ್ಲಾಂಟಿನ (ಒಳಗೆ ಕೂರಿಸೋ ಕೃತಕ ಕೀಲಿನ) ಹೆಸರು, ಬೆಲೆ ಬೇರೆ ಬರೆದಿರ್ಬೇಕು. 2017ರಲ್ಲಿ ಸರ್ಕಾರ ಮಂಡಿ ಇಂಪ್ಲಾಂಟಿಗೆ ಗರಿಷ್ಠ ದರ ನಿಗದಿ ಮಾಡ್ತು, ಅದನ್ನ ಸೊಂಟದ್ದಕ್ಕೆ ಹೋಲಿಸ್ಬೇಡಿ. ಸೊಂಟದ್ದು ಚೆಂಡು ಲೋಹವಾ ಸಿರಾಮಿಕ್ಕಾ, ಸಿಮೆಂಟ್ ಹಾಕೋದಾ ಇಲ್ಲದ್ದಾ ಅನ್ನೋದ್ರ ಮೇಲೆ ಬಹಳ ಫರಕು. ಡಿಸ್ಚಾರ್ಜ್ ಆಗುವಾಗ ಇಂಪ್ಲಾಂಟಿನ ಸ್ಟಿಕ್ಕರ್ ಫೈಲಲ್ಲಿ ಅಂಟಿಸಿದಾರಾ ನೋಡಿ, ಅದ್ರಲ್ಲಿ ಕಂಪನಿ, ಸೈಜು, ಬ್ಯಾಚ್ ನಂಬರ್ ಇರ್ತದೆ. 2010ರಲ್ಲಿ ಲೋಹಕ್ಕೆ ಲೋಹ ಉಜ್ಜೋ ಒಂದು ಮಾಡೆಲನ್ನ ಲೋಕದಾದ್ಯಂತ ವಾಪಸ್ ತಗೊಂಡ್ರು, ಆವಾಗ ತಮ್ಮ ಒಳಗೆ ಯಾವುದಿದೆ ಅಂತ್ಲೇ ಗೊತ್ತಿಲ್ಲದವರು ಎಷ್ಟೋ ಜನ ಇದ್ರು. ಮುಂದೆ ಯಾವತ್ತಾದ್ರೂ ಬದಲಾಯಿಸ್ಬೇಕಾದ್ರೂ ಆ ಸ್ಟಿಕ್ಕರ್ರೇ ಬೇಕು.

ಸಿದ್ದಾಪುರದ_ಮಾಸ್ತರು
ತಂಗಿ, ಸೊಸೈಟಿ ಸದಸ್ಯರಾದ್ರೆ ಯಶಸ್ವಿನಿ ಕಾರ್ಡೂ ನೋಡು, ಅದು ಸಹಕಾರಿ ಸಂಘದವರ ಆರೋಗ್ಯ ಯೋಜನೆ. 2022ರ ಕೊನೆಗೆ ಮತ್ತೆ ಶುರುವಾಗಿದೆ. ಆದರೆ ನಿಮ್ಮ ಆಸ್ಪತ್ರೆ ಅದರ ಪಟ್ಟಿಯಲ್ಲಿದೆಯೋ, ಈ ಆಪರೇಷನ್ ಇದೆಯೋ ಎರಡನ್ನೂ ಆಸ್ಪತ್ರೆಯ ಕೌಂಟರಿನಲ್ಲೇ ಕೇಳಿ ಖಾತ್ರಿ ಮಾಡಿಕೋ.

ನನಗೆ ಎಡಗಡೆ ಆಗಿದೆ, ಈಗ ಬಸ್ಸು ಹತ್ತಿ ಶಿರಸಿಗೆ ಬಂದು ಹೋಗ್ತೇನೆ. ಆಯಿಗೆ ಧೈರ್ಯ ಹೇಳು, ಇದು ನಿನ್ನೆ ಮೊನ್ನೆ ಕಂಡು ಹಿಡಿದ ಆಪರೇಷನ್ ಅಲ್ಲ. ಇಂಗ್ಲೆಂಡಿನ ಜಾನ್ ಚಾರ್ನ್ಲೀ ಎಂಬ ಸರ್ಜನ್ ಮೊದಲು ಟೆಫ್ಲಾನ್ ಬಟ್ಟಲು ಹಾಕಿ ನೋಡಿದ, ಅದು ಬೇಗ ಸವೆದು ಹೋಯ್ತು, 1962ರಲ್ಲಿ ಗಟ್ಟಿ ಪಾಲಿಥಿಲೀನ್ ಬಟ್ಟಲು, ಸಣ್ಣ ಉಕ್ಕಿನ ಚೆಂಡು, ಎರಡನ್ನೂ ಮೂಳೆಗೆ ಕೂರಿಸೋ ಸಿಮೆಂಟು ಸೇರಿಸಿ ಮಾಡಿದ ಮೇಲೆ ನಿಂತಿತು. ಇವತ್ತಿಗೂ ಮೂಲ ತತ್ವ ಅದೇ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ ಹಾಕಿದ ಸೊಂಟದ ಕೀಲುಗಳಲ್ಲಿ ಸುಮಾರು ಶೇ. 58ರಷ್ಟು 25 ವರ್ಷ ಬಾಳಿಕೆ ಬಂದಿವೆ. 67ರ ಆಯಿಗೆ ಇದು ಸಣ್ಣ ಭರವಸೆ ಅಲ್ಲ.

ಊಟದ ಬಗ್ಗೆ ಒಂದು ಮಾತು. ಆಪರೇಷನ್ ಆಗಿ ಬಂದವರಿಗೆ ನಮ್ಮ ಕಡೆ ನಂಜು ಅಂತ ಅರ್ಧ ಅಡುಗೆಮನೆಯನ್ನೇ ನಿಲ್ಲಿಸ್ತಾರೆ, ಬದನೆ ಬೇಡ, ಬೇಳೆ ಬೇಡ, ಕಾಳು ಬೇಡ, ಬರೀ ಗಂಜಿ ಉಪ್ಪಿನಕಾಯಿ. ಗಾಯ ಕೂಡಬೇಕಾದರೆ ಪ್ರೋಟೀನು ಬೇಕು. ಹೆಸರುಕಾಳು, ತೊಗರಿಬೇಳೆ, ಮೊಸರು, ಪನೀರು, ಹಾಲು ದಿನವೂ ಇರಲಿ, ತಂಬುಳಿ ಮಜ್ಜಿಗೆ ಹೇಗೂ ಇರ್ತದೆ. ಇದನ್ನು ನಾನು ಜೋರಾಗೇ ಹೇಳ್ತೇನೆ, ಏಕೆಂದರೆ ಪ್ರೀತಿಯಿಂದ ಮಾಡುವ ಈ ಪಥ್ಯವೇ ವಯಸ್ಸಾದವರನ್ನು ಸೊರಗಿಸ್ತದೆ.

ಅಂಕೋಲಾ_ಸಿಸ್ಟರ್
ಮಾಸ್ತರು ಹೇಳಿದ್ದು ನೂರಕ್ಕೆ ನೂರು ನಿಜ. ಕರಾವಳೀಲಿ ಮೀನು ಮೊಟ್ಟೆ ನಿಲ್ಲಿಸ್ಬಿಡ್ತಾರೆ, ಆಪರೇಷನ್ ಆದವರಿಗೆ ಬಂಗಡೆ ನಂಜಲ್ವಾ ಅಂತ ನನ್ನ ಹತ್ರ ಕೇಳ್ದೆ ಹೋದ ಮನೆಯೇ ಇಲ್ಲ. ನಿಮ್ಮ ಡಾಕ್ಟ್ರು ಬೇರೆ ಕಾರಣಕ್ಕೆ ಬೇಡ ಅಂದಿಲ್ಲ ಅಂದ್ರೆ ಧಾರಾಳ ತಿನ್ನಿ.

ಭಟ್ಕಳದವ
ನಮ್ಮ ಅಬ್ಬಾಗೆ ಆಗಿದೆ, ಮಂಗಳೂರಲ್ಲಿ. ಅಕ್ಕ, ನಿಮ್ಮ ಆಯಿಗೆ ದೇವರ ಮುಂದೆ ಕೂರೋದು ಹೋಯ್ತಲ್ಲ ಅಂತ ಬೇಜಾರು ಆಗ್ಬಹುದು, ನಮ್ಮ ಅಬ್ಬಾಗೂ ಸಜ್ದಾ (ನಮಾಜಲ್ಲಿ ಹಣೆ ನೆಲಕ್ಕೆ ತಾಗಿಸೋದು) ಮಾಡೋಕೆ ಆಗೋದಿಲ್ಲ ಅನ್ನೋದೇ ಆಪರೇಷನ್ನಿಗಿಂತ ದೊಡ್ಡ ದುಃಖ ಆಗಿತ್ತು. ಈಗ ಮಸೀದೀಲಿ ಕುರ್ಚಿ ಮೇಲೆ ಕೂತು ನಮಾಜ್ ಮಾಡ್ತಾರೆ, ಆ ಸಾಲಲ್ಲಿ ಸುಮಾರು ಹಿರಿಯರು ಇದಾರೆ. ಈ ಮಾತನ್ನ ಆಪರೇಷನ್ನಿಗೂ ಮೊದಲೇ ಮನೇಲಿ ಕೂತು ಮಾತಾಡಿ, ಆಮೇಲೆ ಒಮ್ಮೆಲೇ ಹೇಳಿದ್ರೆ ನಂಬಿಸಿ ಕೈ ಬಿಟ್ಟ ಹಾಗೆ ಅನ್ನಿಸ್ತದೆ ಅವರಿಗೆ.

ಬರುವಾಗಿನ ಗಾಡಿ ವಿಷಯ. ಮುಂದಿನ ಸೀಟು ಪೂರ್ತಿ ಹಿಂದೆ ಸರಿಸಿ, ಬೆನ್ನಿಂದು ವಾಲಿಸಿ, ಸೀಟು ತಗ್ಗು ಇದ್ರೆ ಮೇಲೆ ಗಟ್ಟಿ ದಿಂಬು, ಅದ್ರ ಮೇಲೆ ಒಂದು ಪ್ಲಾಸ್ಟಿಕ್ ಕವರು. ಮೊದಲು ಹಿಂಬದಿ ಊರಿ ಕೂತು ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತಿರುಗಿಸೋದು, ಕವರ್ ಇದ್ರೆ ಜಾರ್ತದೆ, ಸೊಂಟ ತಿರುಚೋದಿಲ್ಲ. ಹೊರಟ ಮೇಲೆ ಕವರ್ ತೆಗೆದುಬಿಡಿ. ತಾಸಿಗೊಮ್ಮೆ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಸಿ.

ಕುಮಟಾ_ಫಿಸಿಯೋ
ಅಣ್ಣ ಹೇಳಿದ್ದು ಸರಿ. ಗಾಡೀಲಿ ಕೂತಲ್ಲೇ ಪಾದ ಆಡಿಸ್ತಾ ಇರ್ಬೇಕು. ಮತ್ತೆ ಕುಮಟಾ ಶಿರಸಿ ದಾರಿಯ ದೇವಿಮನೆ ಘಾಟಲ್ಲಿ ರಸ್ತೆ ಕೆಲಸ ಅಂತ ಆಗಾಗ ಬಂದ್ ಮಾಡ್ತಾರೆ, ಹೊರಡೋ ದಿನ ವಿಚಾರಿಸ್ಕೊಳ್ಳಿ, ಇಲ್ದಿದ್ರೆ ಹೊನ್ನಾವರದಿಂದ ಗೇರುಸೊಪ್ಪೆ, ಮಾವಿನಗುಂಡಿ, ಸಿದ್ದಾಪುರ ಮೇಲೆ ಬನ್ನಿ.

ಹೊನ್ನಾವರ_ಸೊಸೆ
ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಮ್ಮ ಅತ್ತೆ ನಿನ್ನೆ ಸಂಜೆ ಬಚ್ಚಲಲ್ಲಿ ಜಾರಿ ಬಿದ್ದಿದಾರೆ, 78 ವರ್ಷ. ಎಡಗಾಲು ಊರೋಕೆ ಆಗ್ತಿಲ್ಲ, ಪಾದ ಹೊರಗಡೆ ತಿರುಗಿದ ಹಾಗಿದೆ. ಬಾವು ಜಾಸ್ತಿ ಏನಿಲ್ಲ. ಎಣ್ಣೆ ಹಾಕಿ ನೀವಿಸಿದ್ರೆ ಸರಿ ಆಗ್ತದೆ, ಎರಡು ದಿನ ನೋಡುವ ಅಂತಿದಾರೆ ಮನೇಲಿ. ಏನು ಮಾಡೋದು?

ಅಂಕೋಲಾ_ಸಿಸ್ಟರ್
ತಂಗಿ, ಎರಡು ದಿನ ನೋಡ್ಬೇಡಿ, ಈಗ್ಲೇ ಕರ್ಕೊಂಡು ಹೋಗಿ. ವಯಸ್ಸಾದವರು ಬಿದ್ದು ಕಾಲು ಗಿಡ್ಡ ಆಗಿ ಪಾದ ಹೊರಗೆ ವಾಲಿದ್ರೆ ತೊಡೆಮೂಳೆ ಕುತ್ತಿಗೆ ಮುರಿದಿರೋ ಸಂಭವ ಬಹಳ. ನಿಲ್ಲಿಸ್ಬೇಡಿ, ನೀವಿಸ್ಬೇಡಿ, ಕಾಲು ಎಳೆಯೋಕೆ ಯಾರನ್ನೂ ಬಿಡ್ಬೇಡಿ. ಎರಡು ಕಾಲಿನ ನಡುವೆ ದಿಂಬು ಇಟ್ಟು ಸಡಿಲಾಗಿ ಕಟ್ಟಿ ಮಲಗಿಸಿಕೊಂಡೇ ಹೋಗ್ಬೇಕು, 108ಕ್ಕೆ ಫೋನ್ ಮಾಡಿ. ಹೋಗುವಾಗ ಊಟ ಕೊಡ್ಬೇಡಿ, ಕೊನೆಗೆ ಯಾವಾಗ ಏನು ತಿಂದ್ರು, ಯಾವ ಮಾತ್ರೆ ತಗೊಳ್ತಾರೆ ಬರೆದಿಟ್ಕೊಳ್ಳಿ. ಇಂಥ ಮುರಿತಕ್ಕೆ ಒಂದೆರಡು ದಿನದೊಳಗೆ ಆಪರೇಷನ್ ಆದ್ರೆ ಒಳ್ಳೇದು, ತಡ ಆದಷ್ಟೂ ಮಲಗಿದಲ್ಲೇ ನ್ಯುಮೋನಿಯಾ, ಬೆನ್ನುಹುಣ್ಣು, ರಕ್ತ ಹೆಪ್ಪುಗಟ್ಟೋದು ಶುರು ಆಗ್ತದೆ. ಕೆಲವರಿಗೆ ಚೆಂಡು ಮಾತ್ರ ಬದಲಾಯಿಸ್ತಾರೆ, ಕೆಲವರಿಗೆ ಬಟ್ಟಲೂ ಸೇರಿಸಿ, ಅದನ್ನ ಅಲ್ಲಿ ನೋಡಿ ಹೇಳ್ತಾರೆ. ನಮ್ಮ ಜಿಲ್ಲೇಲಿ ಹತ್ರ ದೊಡ್ಡ ಆಸ್ಪತ್ರೆ ಇಲ್ಲ ಅನ್ನೋದೇ ಇಲ್ಲಿ ನಮ್ಮ ಕಷ್ಟ, ಹೊನ್ನಾವರದಿಂದ ಉಡುಪಿ ಮಣಿಪಾಲ ಅಂದ್ರೂ ದಾರೀಲೇ ಎಷ್ಟೋ ಹೊತ್ತು ಹೋಗ್ತದೆ, ಅದಕ್ಕೇ ಮನೇಲಿ ಕೂತು ಸಮಯ ಕಳೀಬೇಡಿ.

ಹೊನ್ನಾವರ_ಸೊಸೆ
ಹೊರಟ್ವಿ ಸಿಸ್ಟರ್. ಆಂಬುಲೆನ್ಸ್ ಬಂದಿದೆ.

ಶಿರಸಿ_ತೋಟದಮನೆ
ಎಲ್ಲರಿಗೂ ತಿಳಿಸೋದು ಬಾಕಿ ಇತ್ತು. ಆಯಿ ಆಪರೇಷನ್ ಆಯ್ತು, ಮನೆಗೆ ಬಂದು ಒಂದು ವಾರ ಆಗ್ತಾ ಬಂತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದ್ರು, ಎರಡು ತಾಸಿನೊಳಗೆ ಹೊರಗೆ ತಂದ್ರು, ಮರುದಿನ ಬೆಳಿಗ್ಗೆನೇ ವಾಕರ್ ಹಿಡಿಸಿ ನಿಲ್ಲಿಸಿದ್ರು. ತೊಡೆಸಂದಿಯ ಆ ಹಳೇ ನೋವು ಹೋಗಿಬಿಟ್ಟಿದೆ, ಈಗಿರೋದು ಗಾಯದ ನೋವು ಅಷ್ಟೇ, ಅದು ಬೇರೆ ತರ ಅಂತ ಆಯಿನೇ ಹೇಳ್ತ್ರು.

ಒಂದು ವಿಷಯ ಯಾರೂ ಹೇಳಿರ್ಲಿಲ್ಲ. ಆಪರೇಷನ್ ಆದ ರಾತ್ರಿ ಆಯಿ ಪೂರ್ತಿ ಗಲಿಬಿಲಿ ಆಗಿದ್ರು, ಕೊಟ್ಟಿಗೆ ಬಾಗಿಲು ಹಾಕಿದ್ಯ ಅಂತ ಕೇಳೋದು, ಸಲೈನ್ ಪೈಪ್ ಎಳೆಯೋಕೆ ಹೋಗೋದು, ನನ್ನ ಗುರುತೇ ಸಿಕ್ಕಿಲ್ಲ ಸ್ವಲ್ಪ ಹೊತ್ತು. ನಂಗೆ ಕೈಕಾಲು ನಡುಗಿ ಹೋಯ್ತು, ತಲೆಗೇ ಏನೋ ಆಯ್ತು ಅಂದ್ಕೊಂಡೆ. ನರ್ಸ್ ಬಂದು ವಯಸ್ಸಾದವರಿಗೆ ಹೀಗಾಗ್ತದೆ, ಒಂದೆರಡು ದಿನದಲ್ಲಿ ಸರಿ ಹೋಗ್ತದೆ ಅಂದ್ರು, ಕನ್ನಡಕ ಹಾಕಿಸಿ, ಸಣ್ಣ ಲೈಟ್ ಇಟ್ಟು, ಕೈ ಹಿಡ್ಕೊಂಡು ಇದು ಆಸ್ಪತ್ರೆ, ಇವತ್ತು ಇಂಥ ವಾರ ಅಂತ ಮೆತ್ತಗೆ ಹೇಳ್ತಾ ಇರಿ ಅಂದ್ರು. ಹಾಗೇ ಮಾಡಿದೆ, ಎರಡನೇ ದಿನ ಸಂಜೆಗೆ ಸರಿ ಆದ್ರು. ಮುಂದೆ ಯಾರಾದ್ರೂ ಹೋಗೋರು ಪೇಶಂಟಿನ ಕನ್ನಡಕ, ಕಿವಿ ಮಷೀನು ಮನೇಲಿ ಬಿಟ್ಟು ಹೋಗ್ಬೇಡಿ, ರಾತ್ರಿ ಮನೆಯವರೇ ಒಬ್ರು ಹತ್ರ ಇರಿ.

ಕಮೋಡ್ ಚೇರ್ ಮಾತ್ರ ಮೊದಲ ದಿನ ದೊಡ್ಡ ಸಂಕಟ. ದೇವರ ಕೋಣೆ ಪಕ್ಕದ ಗೋಡೆ, ಇಲ್ಲಿ ಹೇಗೆ ಅಂತ ಕಣ್ಣೀರು ಹಾಕಿದ್ರು. ಅಪ್ಪಯ್ಯನೇ ಮಂಚ ಚೇರು ಎರಡನ್ನೂ ಜಗಲಿಯ ಇನ್ನೊಂದು ಕೊನೆಗೆ ಸಾಗಿಸಿ, ಬೇರೆ ಪರದೆ ಕಟ್ಟಿ, ತಾನೇ ತೊಳೆದು ಇಡ್ತೆ ಅಂದ್ರು. ಮಾತು ಅಲ್ಲಿಗೆ ಮುಗೀತು. ದೇವರ ಮುಂದೆ ಈಗ ಕುರ್ಚಿ. ಭಟ್ಕಳದ ಅಣ್ಣ ಹೇಳಿದ ಹಾಗೆ ಮೊದಲೇ ಮಾತಾಡಿಟ್ಟಿದ್ದು ಒಳ್ಳೇದೇ ಆಯ್ತು.

ಈಗ ಪ್ರಶ್ನೆ. ತೊಡೆಯಿಂದ ಮಂಡಿವರೆಗೆ ನೀಲಿ ಕಪ್ಪು ಆಗಿದೆ, ಸಂಜೆ ಆಗ್ತಿದ್ದ ಹಾಗೆ ಪಾದ ಬಾತುಕೊಳ್ತದೆ. ಮತ್ತೆ ಬಲಗಾಲು ಉದ್ದ ಆಗಿದೆ ಅಂತ ದಿನಾ ಹೇಳ್ತ್ರು. ಇದು ಸರಿ ಇದೆಯಾ?

ಅಂಕೋಲಾ_ಸಿಸ್ಟರ್
ನೀಲಿ ಕಪ್ಪು ಒಳಗೆ ಇಳಿದ ರಕ್ತ, ಕೆಳಗೆ ಇಳೀತಾ ಇಳೀತಾ ಕರಗ್ತದೆ. ಬೆಳಿಗ್ಗೆ ಕಮ್ಮಿ ಇದ್ದು ಸಂಜೆ ಜಾಸ್ತಿ ಆಗೋ ಬಾವು ಕೆಲವು ವಾರ, ಕೆಲವರಿಗೆ ತಿಂಗಳುಗಟ್ಟಲೆ ಇರ್ತದೆ, ನಡೆದು ಬಂದ ಮೇಲೆ ಕಾಲು ಚಾಚಿ ಮಲಗಿಸಿ. ಆದ್ರೆ ಮೀನಖಂಡ ಒಂದೇ ಕಡೆ ಗಟ್ಟಿ ಆಗಿ ಒತ್ತಿದ್ರೆ ನೋವು, ಬಿಸಿ, ಬಾವು ಮಲಗಿದ್ರೂ ಇಳೀತಿಲ್ಲ ಅಂದ್ರೆ ಅವತ್ತೇ ತೋರಿಸ್ಬೇಕು, ಅದು ಹೆಪ್ಪುಗಟ್ಟಿದ ರಕ್ತ ಇರ್ಬಹುದು. ಒಮ್ಮೆಲೇ ಉಬ್ಬಸ, ಎದೆನೋವು ಬಂದ್ರೆ ಒಂದು ನಿಮಿಷವೂ ಕಾಯದೆ ಹೊರಡಿ. ಹೆಪ್ಪು ಆಗದ ಹಾಗೆ ಕೊಟ್ಟ ಮಾತ್ರೆನೋ ಇಂಜೆಕ್ಷನ್ನೋ ಡಾಕ್ಟ್ರು ಬರೆದಷ್ಟು ದಿನ ತಪ್ಪಿಸ್ಬೇಡಿ, ಸುಮಾರು ಜನಕ್ಕೆ 35 ದಿನದವರೆಗೆ ಇರ್ತದೆ. ಮತ್ತೆ ಯಾರಾದ್ರೂ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಕಾಲು ನೀವೋಕೆ ಬಂದ್ರೆ ಈಗ ಬೇಡ ಅಂತ ಸ್ಪಷ್ಟ ಹೇಳಿ.

ಗಾಯದಿಂದ ನೀರು ಕೀವು ಬಂದ್ರೆ, ಸುತ್ತ ಕೆಂಪು ಹಬ್ಬಿದ್ರೆ, ಜ್ವರ ಬಂದ್ರೆ ಊರಿನ ಮೆಡಿಕಲ್ ಶಾಪಿಂದ ಆಂಟಿಬಯಾಟಿಕ್ ತಂದು ನುಂಗಿಸ್ಬೇಡಿ. ಆಪರೇಷನ್ ಮಾಡಿದ ಡಾಕ್ಟರಿಗೇ ಫೋಟೋ ಕಳಿಸಿ ಮಾತಾಡಿ. ಅರ್ಧಂಬರ್ಧ ಆಂಟಿಬಯಾಟಿಕ್ ಕೊಟ್ರೆ ಒಳಗಿನ ಇನ್ಫೆಕ್ಷನ್ ಅಡಗಿ ಕೂರ್ತದೆ, ಟೆಸ್ಟಲ್ಲೂ ಸರಿಯಾಗಿ ಸಿಗೋದಿಲ್ಲ.

ಸಿದ್ದಾಪುರದ_ಮಾಸ್ತರು
ಕಾಲು ಉದ್ದ ಅನ್ನಿಸೋದು ನನಗೂ ಇತ್ತು ತಂಗಿ. ವರ್ಷಗಟ್ಟಲೆ ವಾಲಿಕೊಂಡು ನಡೆದ ಮೈ, ನೇರ ನಿಲ್ಲಿಸಿದರೆ ಹಾಗನ್ನಿಸ್ತದಂತೆ, ಸ್ನಾಯು ಹದಕ್ಕೆ ಬಂದ ಮೇಲೆ ಹೋಯ್ತು. ಅವಸರದಲ್ಲಿ ಚಪ್ಪಲಿಗೆ ಹಿಮ್ಮಡಿ ಕಟ್ಟಿಸಲಿಕ್ಕೆ ಹೋಗಬೇಡ. ಕೆಲವು ತಿಂಗಳ ನಂತರವೂ ಉಳಿದರೆ ಡಾಕ್ಟರು ಅಳೆದು ಹೇಳ್ತಾರೆ.

ಇನ್ನೊಂದು, ನೋಡಲಿಕ್ಕೆ ಬರುವವರನ್ನು ಸ್ವಲ್ಪ ತಡೆ. ಬಂದವರೆಲ್ಲ ಮಂಚದ ಮೇಲೇ ಕೂರ್ತಾರೆ, ಆಯಿ ಎದ್ದು ಕೂತು ಉಪಚಾರ ಮಾಡಲಿಕ್ಕೆ ನೋಡ್ತಾರೆ.

ಯಲ್ಲಾಪುರ_ಮಲೆನಾಡು
ನಮ್ಮ ಭಾವಂಗೂ ಇದೇ ಆಪರೇಷನ್ ಆಗಿದೆ, ಅವ್ರು ಈಗ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರ್ತಾರೆ, ಏನೂ ಆಗಿಲ್ಲ. ನೀವೆಲ್ಲ ಸುಮ್ನೆ ಹೆದರಿಸ್ತಾ ಇದೀರಿ ಅನ್ನಿಸ್ತು. ನೆಲದ ಮೇಲೆ ಕೂರ್ದೆ ನಮ್ಮ ಕಡೆ ಬದುಕೋದು ಹ್ಯಾಂಗೆ?

ಕುಮಟಾ_ಫಿಸಿಯೋ
ಅಣ್ಣ, ನಿಮ್ಮ ಭಾವ ಕೂರ್ತಿರೋದು ಸುಳ್ಳು ಅಂತ ನಾನು ಹೇಳೋದಿಲ್ಲ. ದೊಡ್ಡ ಸೈಜಿನ ಚೆಂಡು ಹಾಕಿದವರಿಗೆ ಜಾರೋ ಅಪಾಯ ಕಮ್ಮಿ, ಯಾವ ಕಡೆಯಿಂದ ಮಾಡಿದ್ರು, ಬಟ್ಟಲು ಯಾವ ಕೋನದಲ್ಲಿ ಕೂತಿದೆ, ಸ್ನಾಯು ಎಷ್ಟು ಗಟ್ಟಿ ಇದೆ ಇದೆಲ್ಲ ಸೇರಿ ಕೆಲವು ಸರ್ಜನ್‌ಗಳು ಮೂರು ತಿಂಗಳ ನಂತರ ಚಕ್ಕಳಮಕ್ಕಳಕ್ಕೆ ಒಪ್ತಾರೆ, ಕೆಲವರು ಜೀವನಪೂರ್ತಿ ಬೇಡ ಅಂತಾರೆ. ಆದ್ರೆ ಚಕ್ಕಳಮಕ್ಕಳ ಬೇರೆ, ಕುಕ್ಕರಗಾಲು ಬೇರೆ. ಮೆಟ್ಟುಗತ್ತಿ ಮುಂದೆ ಒಂದು ಮಂಡಿ ಮಡಚಿ ಎತ್ತಿ ಮುಂದಕ್ಕೆ ಬಗ್ಗಿ ಕೂರೋದಿದೆಯಲ್ಲ, ಅದ್ರಲ್ಲಿ ಸೊಂಟ ಪೂರ್ತಿ ಮಡಚಿ ಒಳಗೂ ತಿರುಗ್ತದೆ, ನಾನು ಯಾರಿಗೂ ಹೇಳೋ ಧೈರ್ಯ ಮಾಡೋದಿಲ್ಲ. ಒಂದು ಸಲ ಜಾರಿದ ಕೀಲು ಮತ್ತೆ ಜಾರೋ ಸಂಭವ ಜಾಸ್ತಿ, ಅದ್ರ ನೋವು ನೋಡಿದವರು ಮಣೆಗೋಸ್ಕರ ಅಷ್ಟು ದೊಡ್ಡ ಪಣ ಇಡೋದಿಲ್ಲ.

ಬದುಕೋದು ಹ್ಯಾಂಗೆ ಅಂದ್ರೆ, ಮೆಟ್ಟುಗತ್ತಿ ಬದಲು ಮೇಜಿನ ಮೇಲೆ ಚಾಕು. ಅಡಿಕೆ ಸುಲಿಯೋ ಕತ್ತಿಯನ್ನ ಎತ್ತರದ ಬೆಂಚಿಗೆ ಹೊಡೆಸಿ ಕುರ್ಚೀಲಿ ಕೂತು ಸುಲೀತಿರೋ ಹೆಂಗಸರನ್ನ ನಾನೇ ನೋಡಿದೇನೆ. ಬಿದ್ದ ಬಟ್ಟೆ ಎತ್ತೋಕೆ ಒಂದು ಗಿಡ್ಡ ದೋಟಿ. ಒಲೆ ಎತ್ತರಕ್ಕೆ ಬಂದು ಎಷ್ಟೋ ಕಾಲ ಆಯ್ತು, ಊಟವೂ ಬರ್ಲಿ.

ಕಾರವಾರ_ಕಡಲು
ಯಲ್ಲಾಪುರದ ಅಣ್ಣ, ನಂಗೂ ಮೊದಲು ನಿಮ್ಮ ಹಾಗೇ ಅನ್ನಿಸಿತ್ತು. ಸರ್ಜನ್ ಎಕ್ಸ್‌ರೇ ತೋರಿಸಿ ಎಲ್ಲಿವರೆಗೆ ಬಗ್ಗಬಹುದು ಅಂತ ವಿವರಿಸಿದ ಮೇಲೆ ಸಮಾಧಾನ ಆಯ್ತು. ಭಾವನಿಗೆ ಅವರ ಡಾಕ್ಟ್ರು ಹೇಳಿರ್ಬಹುದು, ಅದು ಭಾವನಿಗೆ. ನಾನು ಬೈಕ್ ಶುರು ಮಾಡಿದ್ದು ಮೂರು ತಿಂಗಳು ಕಳೆದ ಮೇಲೆ, ದೋಣಿ ಹತ್ತೋದು ಇನ್ನೂ ಬಹಳ ತಡವಾಗಿ.

ಹೊನ್ನಾವರ_ಸೊಸೆ
ಸಿಸ್ಟರ್, ನಿಮಗೆ ಹೇಗೆ ಕೃತಜ್ಞತೆ ಹೇಳೋದು ಗೊತ್ತಾಗ್ತಿಲ್ಲ. ಅತ್ತೆದು ನೀವು ಹೇಳಿದ ಹಾಗೆ ತೊಡೆಮೂಳೆ ಕುತ್ತಿಗೆಯೇ ಮುರಿದಿತ್ತು. ಹೋದ ಮರುದಿನವೇ ಆಪರೇಷನ್ ಮಾಡಿದ್ರು, ಚೆಂಡು ಮಾತ್ರ ಬದಲಾಯಿಸಿದಾರೆ. ಈಗ ವಾಕರಲ್ಲಿ ಜಗಲಿವರೆಗೆ ಬರ್ತಾರೆ. ಮೂಳೆ ಸಾಂದ್ರತೆ ಟೆಸ್ಟ್ ಮಾಡಿಸಿ ಮೂಳೆ ಗಟ್ಟಿ ಆಗೋಕೆ ಔಷಧಿ ಶುರು ಮಾಡಿ ಅಂದಿದಾರೆ. ನಮ್ಮ ಬಚ್ಚಲಿಗೆ ಹಿಡಿಕೆ ಹಾಕಿಸಿ ಆಯ್ತು.

ಅಂಕೋಲಾ_ಸಿಸ್ಟರ್
ಇದು ಓದಿ ಮನಸ್ಸು ತುಂಬಿ ಬಂತು ತಂಗಿ. ಮೂಳೆ ಔಷಧಿ ತಪ್ಪಿಸ್ಬೇಡಿ, ಇನ್ನೊಂದು ಕಡೆ ಮುರಿಯದ ಹಾಗೆ ನೋಡ್ಕೊಳ್ಳೋದು ಈಗಿನ ಕೆಲಸ.

ಶಿರಸಿ_ತೋಟದಮನೆ
ಮತ್ತೆ ಬಂದೆ. ಆರು ವಾರದ ಚೆಕಪ್ಪಿಗೆ ಹೋಗಿ ಬಂದ್ವಿ, ಎಕ್ಸ್‌ರೇ ಚಲೋ ಇದೆ ಅಂದ್ರು. ಈಗ ವಾಕರ್ ಬಿಟ್ಟು ಕೋಲು, ಅದನ್ನ ಆಪರೇಷನ್ ಆಗದ ಎಡಗಡೆ ಕೈಲಿ ಹಿಡೀಬೇಕು ಅಂತ ಅಲ್ಲಿ ಕಲಿಸಿದ್ರು. ಮೆಟ್ಟಿಲು ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು, ಆಯಿ ಅದನ್ನ ಬಾಯಲ್ಲಿ ಹೇಳ್ಕೊಳ್ತಾನೇ ಇಳೀತ್ರು. ಹೊಗೆಸೊಪ್ಪು ಬಿಟ್ಟವರು ಮತ್ತೆ ಮುಟ್ಟಿಲ್ಲ, ಬರೀ ಎಲೆ ಅಡಿಕೆ. ಮಳೆ ಹಿಡಿಯೋದ್ರೊಳಗೆ ಜಗಲಿ ಕೊನೇಲೇ ಎತ್ತರದ ಕಮೋಡಿನ ಸಣ್ಣ ಪಾಯಖಾನೆ ಕಟ್ಟಿಸ್ತಾ ಇದೇವೆ, ಮೇಸ್ತ್ರಿ ಬಂದು ಅಳತೆ ತಗೊಂಡು ಹೋಗಿದಾರೆ.

ಮಂಚದ ಕಾಲಿನ ದಿಮ್ಮಿ ಬಹಳ ಉಪಯೋಗ ಆಯ್ತು. ಬೇಕಾಗದೆ ಇದ್ದಿದ್ದು ಅಂದ್ರೆ ಯಾರೋ ಹೇಳಿ ತಂದ ಸೊಂಟದ ಬೆಲ್ಟು, ಡಾಕ್ಟ್ರು ನೋಡಿ ಇದು ಈ ಆಪರೇಷನ್ನಿಗೆ ಸಂಬಂಧವೇ ಇಲ್ಲ ಅಂದ್ರು.

ಕಮೋಡ್ ಚೇರ್ ಮತ್ತೆ ವಾಕರ್ ತೊಳೆದು ಒಣಗಿಸಿ ಇಟ್ಟಿದೇನೆ, ರಬ್ಬರ್ ಬುಶ್ ಹೊಸದು ಹಾಕಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಯಾರಿಗಾದ್ರೂ ಆಪರೇಷನ್ ಡೇಟ್ ಇದ್ರೆ ಇಲ್ಲೇ ಹೇಳಿ, ದುಡ್ಡು ಬೇಡ, ಮುಗಿದ ಮೇಲೆ ಮುಂದಿನವರಿಗೆ ಕೊಟ್ರಾಯ್ತು.

ಯಲ್ಲಾಪುರ_ಮಲೆನಾಡು
ಅಕ್ಕ, ನಮ್ಮ ಓಣೀಲಿ ಒಬ್ರಿಗೆ ಬರೋ ತಿಂಗ್ಳು ಹುಬ್ಬಳ್ಳೀಲಿ ಇದೆ, ಅವರ ಮನೇಲೂ ಇಂಥದೇ ಪಾಯಖಾನೆ. ಭಾನುವಾರ ಶಿರಸಿಗೆ ಬರ್ತಾ ಇದೇನೆ, ತಗೊಂಡು ಹೋಗ್ಲಾ? ಅವರು ಸ್ವಲ್ಪ ಗಿಡ್ಡ ಇದಾರೆ, ಚೇರಿನ ಎತ್ತರ ಕಮ್ಮಿ ಮಾಡೋಕೆ ಬರ್ತದಾ?

ಶಿರಸಿ_ತೋಟದಮನೆ
ಬರ್ತದೆ, ಕಾಲಲ್ಲಿ ಗುಂಡಿ ಒತ್ತಿ ಏರಿಸಿ ಇಳಿಸೋದು. ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗ್ಬೇಕು, ಮಂಡಿ ಸೊಂಟಕ್ಕಿಂತ ಕೆಳಗಿರ್ಬೇಕು, ನಾಲ್ಕೂ ಕಾಲು ಒಂದೇ ತೂತಿಗೆ ಬಂದಿದೆಯಾ ನೋಡ್ಕೊಳ್ಳಿ. ಭಾನುವಾರ ಮಧ್ಯಾಹ್ನದ ಮೇಲೆ ಮನೇಲೇ ಇರ್ತೇವೆ.